ಬೆಂಕಿ ಬೇಕು, ಬಿಸಿ ಬೇಡ

ಅಮೆರಿಕದಲ್ಲಿ ಗ್ಯಾಸ್ ಅಗ್ಗಿಷ್ಟಿಕೆ ಮಾರುವ ಅಂಗಡಿಗೆ ಹೋದರೆ ಸೇಲ್ಸ್‌ಮನ್ ಕೇಳುವ ಮೊದಲ ಪ್ರಶ್ನೆ: ‘ನಿಮಗೆ ಶಾಖ ಬೇಕೋ, ಆಂಬಿಯನ್ಸ್ ಸಾಕೋ?’ ನಮ್ಮ ಹೋಟೆಲಿನಲ್ಲಿ ಮಾಣಿ ಬಂದು ‘ದೋಸೆ ಬೇಕೋ, ಕಾವಲಿಯ ಮೇಲೆ ಹಿಟ್ಟು ಹುಯ್ಯುವ ಚುಂಯ್ ಸದ್ದು ಸಾಕೋ’ ಎಂದರೆ ಎದ್ದು ಎದುರಿನ ಹೋಟೆಲಿಗೆ ಹೋಗುತ್ತೇವೆ. ಫ್ರೀಮಾಂಟಿನಲ್ಲಿರುವ ನಮ್ಮ ಭಾವ ಹಾಗೇನೂ ಮಾಡಲಿಲ್ಲ. ಸ್ವಲ್ಪ ಯೋಚಿಸಿ, ‘ಆಂಬಿಯನ್ಸ್’ ಎಂದರು. ಅಂದಿನಿಂದ ಅಕ್ಕನ ಮನೆಯಲ್ಲಿ ನೆಮ್ಮದಿಯಿಲ್ಲ. ನನ್ನ ವಾಟ್ಸಾಪಿಗೂ ಇಲ್ಲ.

ಭಾವ ಮಲೆನಾಡಿನವರು. ತೀರ್ಥಹಳ್ಳಿಯ ಜಡಿಮಳೆಯಲ್ಲಿ ನೆನೆದು ಶಾಲೆಗೆ ಹೋದವರಿಗೆ ಫ್ರೀಮಾಂಟಿನ ಚಳಿ ಲೆಕ್ಕಕ್ಕಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಆ ಬೇ ಏರಿಯಾದ ಊರುಗಳಲ್ಲಿ ಹಿಮದ ಸುದ್ದಿಯಿಲ್ಲ. ಡಿಸೆಂಬರಿನ ರಾತ್ರಿ ಐದಾರು ಡಿಗ್ರಿಗೆ ಇಳಿದರೆ ಜನ ಅದನ್ನೇ ಎರಡು ದಿನ ಮಾತಾಡುತ್ತಾರೆ. ಆ ಐದಾರು ಡಿಗ್ರಿಗೂ ಮನೆಯಲ್ಲಿ ಫರ್ನೇಸ್ ಇದೆ. ಗೋಡೆಯ ಮೇಲೆ ಅಂಕಿ ಒತ್ತಿದರೆ ಬಚ್ಚಲಿನ ತನಕ ಬೆಚ್ಚಗಾಗುತ್ತದೆ. ಹಾಗಾದರೆ ಅಗ್ಗಿಷ್ಟಿಕೆ ಯಾಕೆ ಭಾವ ಎಂದು ಕೇಳಿದೆ. ‘ಮನೆ ಮಾರೋವಾಗ ಒಳ್ಳೆ ಬೆಲೆ ಬರುತ್ತೆ ಕಣೋ’ ಎಂದರು. ಮನೆ ಮಾರುತ್ತೀರಾ ಎಂದರೆ, ‘ಛೆ, ಯಾರು ಹೇಳಿದ್ದು?’

ಅವರನ್ನು ದೂರಿ ಫಲವಿಲ್ಲ. ಅಲ್ಲಿನ ಸರ್ಕಾರವೇ ಒಲೆ ಎಣಿಸುತ್ತದೆ. ಹೊಸದಾಗಿ ಕಟ್ಟಿದ ಮನೆಗಳ ಲೆಕ್ಕ ತೆಗೆಯುವಾಗ ಅಮೆರಿಕದ ಸೆನ್ಸಸ್ ಬ್ಯೂರೊ ಮಲಗುವ ಕೋಣೆ ಎಷ್ಟು, ಬಚ್ಚಲು ಎಷ್ಟು ಎನ್ನುವುದರ ಜತೆಗೆ ಅಗ್ಗಿಷ್ಟಿಕೆ ಎಷ್ಟು ಎಂದೂ ಬರೆದುಕೊಳ್ಳುತ್ತದೆ. ಈ ಎಣಿಕೆಯ ಚಟ ಹಳೆಯದು. ಇಂಗ್ಲೆಂಡಿನಲ್ಲಿ ಎರಡನೇ ಚಾರ್ಲ್ಸ್ ದೊರೆಯ ಕಾಲದಲ್ಲಿ, 1662ರಲ್ಲಿ, ಒಲೆ ತೆರಿಗೆ ಹಾಕಿದರು: ಒಂದು ಒಲೆಗೆ ವರ್ಷಕ್ಕೆ ಎರಡು ಶಿಲಿಂಗ್. ತೆರಿಗೆಯವರು ಮನೆಯೊಳಗೇ ಬಂದು ಎಣಿಸುತ್ತಿದ್ದರು. ಅವರು ಬರುವ ಸುದ್ದಿ ಸಿಕ್ಕಿದರೆ ಜನ ಇಟ್ಟಿಗೆಯಿಟ್ಟು ಒಲೆ ಮುಚ್ಚುತ್ತಿದ್ದರು. ಜನರ ಶಾಪ ತಾಳಲಾರದೆ 1689ರಲ್ಲಿ ಅದನ್ನು ಕೈಬಿಟ್ಟರು. ಆಗಿನವರು ಇದ್ದ ಒಲೆಯನ್ನು ಬಚ್ಚಿಡುತ್ತಿದ್ದರು. ಈಗಿನವರು ಬೇಡದ ಒಲೆಯನ್ನು ಕಟ್ಟಿಸಿ ಮನೆ ಮಾರುವ ಜಾಹೀರಾತಿನಲ್ಲಿ ಮೊದಲ ಫೋಟೊ ಹಾಕುತ್ತಾರೆ.

ಸೌದೆ ಒಲೆ ಹಾಕಿಸಿ ಎಂದು ನಾನು ತಮಾಷೆಗೆ ಹೇಳಿದ್ದುಂಟು. ಅದಕ್ಕೆ ಅಲ್ಲಿ ಅವಕಾಶವಿಲ್ಲ. 2016ರ ನವೆಂಬರಿನಿಂದ ಬೇ ಏರಿಯಾದ ಹೊಸ ಕಟ್ಟಡಗಳಲ್ಲಿ ಸೌದೆ ಉರಿಸುವ ಅಗ್ಗಿಷ್ಟಿಕೆ ಕೂಡದು. ಹಳೆಯ ಮನೆಯಲ್ಲಿ ಇದ್ದರೂ, ಗಾಳಿ ಕೆಟ್ಟಿದೆ ಎಂದು ಸಾರಿದ ದಿನ ಹಚ್ಚಿದರೆ ದಂಡ. ಸರಿಯೇ, ಹೊಗೆ ಯಾರಿಗೂ ಒಳ್ಳೆಯದಲ್ಲ. ಅನಂತರ ಗ್ಯಾಸಿನ ಸರದಿ ಬಂತು. ಅದೇ ಸೀಮೆಯ ಬರ್ಕ್ಲಿ ನಗರ 2019ರಲ್ಲಿ ಹೊಸ ಕಟ್ಟಡಗಳಿಗೆ ಗ್ಯಾಸ್ ಪೈಪನ್ನೇ ಬೇಡವೆಂದಿತು. ಹೋಟೆಲಿನವರ ಸಂಘ ಕೋರ್ಟಿಗೆ ಹೋಯಿತು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ನಿಷೇಧ ಊರ್ಜಿತವಲ್ಲ ಎಂದಿತು. ಅದೇ ವರ್ಷ ಬೇ ಏರಿಯಾದ ವಾಯುಮಾಲಿನ್ಯ ಮಂಡಳಿ ಇನ್ನೊಂದು ನಿಯಮ ಮಾಡಿತು. ಅದರ ಪ್ರಕಾರ ಮನೆ ಬಿಸಿಮಾಡುವ ಗ್ಯಾಸ್ ಫರ್ನೇಸಿನ, ನೀರು ಕಾಯಿಸುವ ಗ್ಯಾಸ್ ಹೀಟರಿನ ಹೊಸ ಮಾರಾಟಕ್ಕೆ ಇನ್ನು ಕೆಲವೇ ವರ್ಷ ಆಯುಸ್ಸು. ಮನೆಯನ್ನು ನಿಜವಾಗಿ ಬೆಚ್ಚಗಿಡುವ ಬೆಂಕಿಗೆ ಗಡುವು ಬಿದ್ದಿದೆ. ‘ನಾಳೆ ಇದನ್ನೂ ನಿಲ್ಲಿಸ್ತಾರೆ, ಇವತ್ತೇ ಹಾಕಿಸಿಬಿಡಬೇಕು’ ಎಂದು ಭಾವ ಅವಸರಪಟ್ಟರು. ಮಿತವ್ಯಯದವರಿಂದ ದುಡ್ಡು ಖರ್ಚು ಮಾಡಿಸಲು ನಿಷೇಧದ ಗುಮ್ಮನಿಗಿಂತ ದೊಡ್ಡ ಸೇಲ್ಸ್‌ಮನ್ ಇಲ್ಲ.

ಕ್ಯಾಟಲಾಗ್ ಮನೆಗೆ ಬಂತು. ಅದರಲ್ಲಿ ಭಾವನ ಕಣ್ಣಿಗೆ ಮೊದಲು ಬಿದ್ದದ್ದು ‘ವೆಂಟ್-ಫ್ರೀ’, ಯಾಕೆಂದರೆ ಅದು ಎಲ್ಲಕ್ಕಿಂತ ಅಗ್ಗ. ಚಿಮಣಿ ಬೇಡ, ಕೊಳವೆ ಬೇಡ, ಗೋಡೆ ಕೊರೆಯುವುದು ಬೇಡ. ಗ್ಯಾಸು ಉರಿದು ಹುಟ್ಟಿದ್ದೆಲ್ಲ ನೇರವಾಗಿ ಮನೆಯೊಳಗೇ, ನಿಮ್ಮ ಮೂಗಿಗೇ. ಗಂಟೆಗೆ 30,000 ಬಿಟಿಯು ಶಾಖ ಹುಟ್ಟುವಷ್ಟು ಉರಿದರೆ ನೀರಾವಿಯೇ ಲೀಟರಿಗೂ ಹೆಚ್ಚು. ನೈಟ್ರೊಜನ್ ಡೈಆಕ್ಸೈಡ್ ಬೇರೆ. ಕ್ಯಾಲಿಫೋರ್ನಿಯಾದ ಮನೆಗಳಲ್ಲಿ ಇಂಥದನ್ನು ಹಾಕುವಂತಿಲ್ಲ. ಅಕ್ಕ ಈ ವಿಷಯ ಓದಿ ಹೇಳಿದ ಮೇಲೆ ಭಾವ, ‘ಅದೇ ಯೋಚಿಸ್ತಿದ್ದೆ, ಗೋಡೆ ಬೂಸ್ಟು ಹಿಡಿಯುತ್ತೆ’ ಎಂದು ಪುಟ ತಿರುಗಿಸಿದರು.

ಎರಡನೆಯದು ಹಳೆಯ ಇಟ್ಟಿಗೆ ಅಗ್ಗಿಷ್ಟಿಕೆಯೊಳಗೇ ಕೂರಿಸುವ ಗ್ಯಾಸ್ ದಿಮ್ಮಿ. ಇದರ ವೇದಾಂತ ಚೆನ್ನಾಗಿದೆ. ಯಾರಾದರೂ ಮರೆತು ಚಿಮಣಿಯ ಬಾಗಿಲು ಮುಚ್ಚಿ, ಕಾರ್ಬನ್ ಮಾನಾಕ್ಸೈಡ್ ತುಂಬಿ ಮನೆಮಂದಿ ಮಲಗಿದಲ್ಲೇ ಉಳಿಯಬಾರದು ಎಂದು ಆ ಬಾಗಿಲಿಗೆ ಒಂದು ಕ್ಲಾಂಪ್ ಬಿಗಿಯುತ್ತಾರೆ, ಪೂರ್ತಿ ಮುಚ್ಚಲು ಆಗದ ಹಾಗೆ. ಬೆಂಕಿ ಉರಿಯುವಾಗ ಅದರ ಬಹುಪಾಲು ಬಿಸಿ ಚಿಮಣಿಯಿಂದ ಮೇಲೆ ಹೋಗುತ್ತದೆ, ಹೋಗುವಾಗ ಫರ್ನೇಸ್ ಕಾಯಿಸಿಟ್ಟ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಆರಿಸಿ ಮಲಗಿದ ಮೇಲೂ ಆ ಕಿಂಡಿ ತೆರೆದೇ ಇರುತ್ತದೆ. ಚಳಿ ಕಾಯಿಸಲು ಹಾಕಿಸಿಕೊಂಡದ್ದು ವರ್ಷವಿಡೀ ಚಳಿಗೆ ಬಾಗಿಲು ತೆರೆದಿಟ್ಟು ಕಾಯುತ್ತದೆ.

ಕೊನೆಗೆ ಉಳಿದದ್ದು ‘ಡೈರೆಕ್ಟ್ ವೆಂಟ್’. ಇದು ಒಳ್ಳೆಯ ಯಂತ್ರ. ಈ ಒಂದು ಮಾತನ್ನು ವ್ಯಂಗ್ಯವಿಲ್ಲದೆ ಹೇಳುತ್ತೇನೆ. ಒಂದರೊಳಗೊಂದು ಕೊಳವೆ. ಹೊರಗಿನದರಲ್ಲಿ ಉರಿಯಲು ಬೇಕಾದ ಗಾಳಿ ಒಳಗೆ ಬರುತ್ತದೆ, ಒಳಗಿನದರಲ್ಲಿ ಉರಿದ ಹೊಗೆ ಆಚೆ ಹೋಗುತ್ತದೆ. ಮುಂದೆ ಬಿಗಿಯಾಗಿ ಕೂರಿಸಿದ ಗಾಜು. ಮನೆಯ ಗಾಳಿಗೂ ಆ ಬೆಂಕಿಗೂ ಸಂಬಂಧವಿಲ್ಲ. ಆ ಗಾಜು ಮಾತ್ರ ಮುಟ್ಟಿದರೆ ಚರ್ಮ ಅಂಟಿಕೊಳ್ಳುವಷ್ಟು ಕಾಯುತ್ತದೆ. ಎಷ್ಟೋ ಪುಟ್ಟ ಮಕ್ಕಳು ಅಂಗೈ ಸುಟ್ಟುಕೊಂಡ ಮೇಲೆ, 2015ರಿಂದ ಅದರ ಮುಂದೆ ಒಂದು ಜಾಲರಿ ಇರಲೇಬೇಕೆಂದು ನಿಯಮ ಬಂದಿದೆ. ಹೀಗೆ ಬೆಂಕಿಗೊಂದು ಗಾಜು, ಗಾಜಿಗೊಂದು ಜಾಲರಿ. ಜಾಲರಿಯಿಂದ ಬೆಂಕಿ ಸರಿಯಾಗಿ ಕಾಣುವುದಿಲ್ಲ ಎಂದು ಭಾವನ ತಕರಾರು. ಕಾಣಲೆಂದೇ ಅಲ್ಲವೇ ಇಷ್ಟೆಲ್ಲ.

ಇಲ್ಲಿಂದ ಮುಂದೆ ನಿಜವಾದ ಆಯ್ಕೆ ಶುರುವಾಯಿತು, ನನಗೆ ತಲೆ ಕೆಟ್ಟದ್ದೂ ಇಲ್ಲೇ. ಗ್ಯಾಸು ಸರಿಯಾಗಿ ಉರಿದರೆ ಉರಿ ನೀಲಿ. ಇದು ಎಲ್ಲ ಅಡುಗೆಮನೆಗೂ ಗೊತ್ತು. ಸ್ಟೌವಿನ ಉರಿ ಹಳದಿಗೆ ತಿರುಗಿ ಪಾತ್ರೆಯ ತಳ ಕಪ್ಪಾದರೆ ಅಮ್ಮ ಬರ್ನರ್ ಕಳಚಿ ಪಿನ್ನು ಹಾಕಿ ಚುಚ್ಚುತ್ತಾರೆ, ಆಗಲೂ ಸರಿಹೋಗದಿದ್ದರೆ ಮೆಕ್ಯಾನಿಕ್ಕಿಗೆ ಫೋನ್ ಮಾಡುತ್ತಾರೆ. ಹಳದಿ ಉರಿ ಎಂದರೆ ಗಾಳಿ ಸಾಲದೆ ಇಂಗಾಲ ಅರೆಬರೆ ಉರಿಯುತ್ತಿದೆ ಎಂದರ್ಥ. ಆ ಹೊಳೆಯುವ ಹಳದಿ ಬಣ್ಣ ಕಾದ ಮಸಿಯ ಕಣಗಳದ್ದು. ಸೌದೆಯ ಬೆಂಕಿ ಹಳದಿ ಕಾಣುವುದೂ ಅದಕ್ಕೇ. ಆದರೆ ಹಾಲ್‌ನಲ್ಲಿ ನೀಲಿ ಉರಿ ಇಟ್ಟರೆ ನೆಂಟರು ‘ಇದೇನು, ಸ್ಟೌ ಇಲ್ಲಿಗೆ ತಂದಿದ್ದೀರಾ’ ಎನ್ನುತ್ತಾರೆ. ಆದ್ದರಿಂದ ಗಾಳಿಯನ್ನು ಬೇಕೆಂದೇ ಕಡಿಮೆ ಬಿಟ್ಟು, ಮಸಿ ಗಾಜಿಗೆ ಹತ್ತದಷ್ಟು, ಆದರೆ ಹಳದಿ ಬಣ್ಣ ಬರುವಷ್ಟು ಮಾತ್ರ ಕೆಟ್ಟದಾಗಿ ಉರಿಸುವ ಬರ್ನರನ್ನು ಎಂಜಿನಿಯರುಗಳು ತಯಾರಿಸಿದ್ದಾರೆ. ಸರಿಯಾಗಿ ಉರಿಯುವುದಕ್ಕೆ ಒಂದು ಬೆಲೆ, ಚೆಂದವಾಗಿ ತಪ್ಪಾಗಿ ಉರಿಯುವುದಕ್ಕೆ ಅದಕ್ಕಿಂತ ಹೆಚ್ಚು ಬೆಲೆ. ಒಂದೇ ಮನೆ, ಒಂದೇ ಪೈಪು, ಒಂದೇ ಗ್ಯಾಸು. ಅಡುಗೆಮನೆಯಲ್ಲಿ ರಿಪೇರಿಯಾಗಬೇಕಾದದ್ದು ಹಾಲ್‌ನಲ್ಲಿ ಪ್ರೀಮಿಯಂ ಮಾಡೆಲ್.

ಇನ್ನು ದಿಮ್ಮಿಗಳು. ಉರಿಯುವುದು ಗ್ಯಾಸು, ಅದರ ಮೇಲೆ ಕೂರಿಸುವುದು ಸೆರಾಮಿಕ್ ನಾರಿನ ಸೌದೆ. ಓಕ್ ಬೇಕೋ, ಬರ್ಚ್ ಬೇಕೋ, ಕಡಲಿನಲ್ಲಿ ತೇಲಿ ಬಂದ ಹಾಗೆ ಕಾಣುವ ಕೊರಡು ಬೇಕೋ? ಕೆಲವಕ್ಕೆ ಅರ್ಧ ಸುಟ್ಟ ಕಪ್ಪು ಬಣ್ಣ, ಕೆಲವಕ್ಕೆ ಹಾವಸೆ ಹಸಿರು, ಎಲ್ಲವೂ ಕೈಯಿಂದ ಬಳಿದದ್ದು ಎಂದು ಕ್ಯಾಟಲಾಗ್ ಕೊಚ್ಚಿಕೊಳ್ಳುತ್ತದೆ. ಕೆಳಗೆ ಕೆಂಡದ ಹಾಗೆ ಹೊಳೆಯಲು ಕಲ್ಲಿನ ಉಣ್ಣೆಯ ಚೂರು. ಸೌದೆ ಬೇಡವೆಂದರೆ ಬಣ್ಣದ ಗಾಜಿನ ಹರಳಿನ ನಡುವೆಯೂ ಬೆಂಕಿ ಏಳುತ್ತದೆ. ಅದು ಮಾಡರ್ನ್ ಎನ್ನುವವರಿಗೆ. ಎಂದೂ ಸುಡದ ಸೌದೆಗೆ ಸುಟ್ಟ ಗುರುತು ಬಳಿಸಲು ಕೊಡುವ ದುಡ್ಡಿನಲ್ಲಿ ನಮ್ಮ ಊರಿನ ಕಡೆ ಒಂದು ಲೋಡ್ ನಿಜವಾದ ಸೌದೆ ಮನೆಬಾಗಿಲಿಗೆ ಬರುತ್ತದೆ, ಇಳಿಸುವವರ ಕೂಲಿ ಸೇರಿ.

ಈ ಸೌದೆಯನ್ನು ಮನಸ್ಸಿಗೆ ಬಂದ ಹಾಗೆ ಪೇರಿಸುವಂತೆಯೂ ಇಲ್ಲ. ಯಾವ ದಿಮ್ಮಿ ಯಾವ ಮೊಳೆಗೆ, ಯಾವುದರ ತುದಿ ಎಡಕ್ಕೆ ಎಂದು ಕೈಪಿಡಿಯಲ್ಲಿ ಚಿತ್ರ ಸಹಿತ ಇದೆ. ಒಂದು ದಿಮ್ಮಿ ಸರಿದು ಉರಿಗೆ ಅಡ್ಡ ಬಂದರೆ ಮಸಿ ಹತ್ತಿ ಗಾಜು ಕಪ್ಪಾಗುತ್ತದೆ. ಬೆಂಕಿಗೂ ವಾಸ್ತು ಇದೆ ಎಂದು ನಾನು ನಕ್ಕೆ. ನಗಬಾರದಿತ್ತು. ಭಾವನಿಗೆ ಆಗಲೇ ವಾಸ್ತುವಿನ ನೆನಪಾದದ್ದು. ಬೆಂಗಳೂರಿನಿಂದ ವಾಸ್ತು ತಿಳಿದವರೊಬ್ಬರು ವಿಡಿಯೊದಲ್ಲಿ ಮನೆ ಸುತ್ತಿ, ಅಗ್ನಿ ಆಗ್ನೇಯದಲ್ಲೇ ಇರಬೇಕು ಎಂದರು. ಆಗ್ನೇಯದಲ್ಲಿ ಗ್ಯಾರೇಜು. ಅಗ್ಗಿಷ್ಟಿಕೆ ಕೂರಿಸಲು ಸಾಧ್ಯವಿದ್ದ ಗೋಡೆ ವಾಯವ್ಯದ್ದು, ಏಕೆಂದರೆ ಹೊಗೆಕೊಳವೆಯ ಬಾಯಿ ಕಿಟಕಿಗೆ ಇಂತಿಷ್ಟು ದೂರ ಇರಬೇಕೆಂದು ನಗರದ ನಿಯಮ, ರಸ್ತೆಯ ಕಡೆಗೆ ಕಾಣಬಾರದೆಂದು ಬಡಾವಣೆಯ ಸಂಘದ ನಿಯಮ. ಬೃಹಸ್ಪತಿಗೂ ಬಿಡಿಸಲಾಗದ ಗಂಟು. ವಾಸ್ತುವಿನವರೇ ಬಿಡಿಸಿದರು: ‘ಗ್ಯಾರೇಜಿನಲ್ಲಿ ಎಲೆಕ್ಟ್ರಿಕ್ ಕಾರು ನಿಲ್ಲಿಸ್ತೀರಲ್ಲ? ಬ್ಯಾಟರಿಯಲ್ಲಿ ಅಗ್ನಿ ಇದೆ. ಆಗ್ನೇಯ ತೃಪ್ತಿಯಾಯ್ತು. ವಾಯವ್ಯದಲ್ಲಿ ಹಾಕಿಸಿ.’ ಫೀಸು ಡಾಲರಿನಲ್ಲಿ.

ಅಗ್ನಿಯ ತೃಪ್ತಿಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಅಮೆರಿಕದ ನಮ್ಮವರ ಮನೆಗಳಲ್ಲಿ ಗೃಹಪ್ರವೇಶದ ಹೋಮ ನಡೆಯುವುದು ಅಲ್ಯೂಮಿನಿಯಂ ಟ್ರೇಯಲ್ಲಿ, ಅದೂ ಸ್ಮೋಕ್ ಅಲಾರಮ್ಮಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಇಲ್ಲವೇ ಗ್ಯಾರೇಜಿನ ಬಾಗಿಲು ತೆರೆದಿಟ್ಟು. ಈಗ ಮನೆಯಲ್ಲೇ ಅಗ್ನಿ ಪ್ರತಿಷ್ಠೆಯಾಗುತ್ತದಲ್ಲ, ಮುಂದಿನ ಗಣಹೋಮ ಅದರ ಮುಂದೆಯೇ ಮಾಡಿಸೋಣ ಎಂದು ಭಾವನ ಲೆಕ್ಕಾಚಾರ. ಪುರೋಹಿತರು ಶೋರೂಮಿನ ಫೋಟೊ ನೋಡಿದರು. ದೇವತೆಗಳಿಗೆ ಹವಿಸ್ಸು ಮುಟ್ಟಿಸುವ ಬಾಯಿ ಗಾಜಿನ ಹಿಂದೆ, ಜಾಲರಿಯ ಆಚೆ. ಒಂದು ಚಮಚ ತುಪ್ಪಕ್ಕೂ ದಾರಿಯಿಲ್ಲ. ಅವರು ಅನುಭವಸ್ಥರು, ಬೇ ಏರಿಯಾದಲ್ಲಿ ಇಂಥ ಎಷ್ಟೋ ಮನೆ ಕಂಡವರು. ಬೇಸರಪಡದೆ ಒಂದೇ ಪ್ರಶ್ನೆ ಕೇಳಿದರಂತೆ: ‘ಆವಾಹನೆ ಆದ್ಮೇಲೆ ರಿಮೋಟ್ ಯಾರ ಕೈಯಲ್ಲಿರುತ್ತೆ?’

ಶಾಖದ ಕಥೆ ಬಾಕಿ ಇದೆ. ಒಂದು ಬಿಟಿಯು ಎಂದರೆ ಹೆಚ್ಚುಕಡಿಮೆ ಒಂದು ಬೆಂಕಿಕಡ್ಡಿ ಪೂರ್ತಿ ಉರಿದಾಗ ಬರುವ ಬಿಸಿ. ಭಾವ ಮೆಚ್ಚಿದ ಮಾಡೆಲ್ಲು ಗಂಟೆಗೆ 40,000 ಬಿಟಿಯುದು. ಮೆಗಾಪಿಕ್ಸೆಲ್ ನೋಡಿ ಫೋನ್ ಕೊಂಡು ಅಭ್ಯಾಸವಾದವರು ಅವರು. ದೊಡ್ಡ ಅಂಕಿ ಕಂಡರೆ ಬಿಡಲಾರರು. ಗಂಟೆಗೆ ನಲವತ್ತು ಸಾವಿರ ಬೆಂಕಿಕಡ್ಡಿ ಗೀರಿದರೆ ಆ ಹಾಲ್‌ನಲ್ಲಿ ಮನುಷ್ಯರು ಕೂರಲಾರರು. ಕೂತರೂ ಗೋಡೆಯ ಮೇಲಿನ ಟೀವಿ ಉಳಿಯಲಾರದು. ಹೌದು, ಟೀವಿ. ಅಗ್ಗಿಷ್ಟಿಕೆಯ ನೆತ್ತಿಯ ಮೇಲೆ ಟೀವಿ ತೂಗುಹಾಕುವುದು ಅಮೆರಿಕದ ಮನೆಗಳ ಅಲಿಖಿತ ಸಂವಿಧಾನ. ಕತ್ತು ನೋಯುವುದು ಬೇರೆ ಮಾತು. ಕೆಳಗೆ ಬೆಂಕಿ, ಮೇಲೆ ಸಾವಿರಾರು ಡಾಲರಿನ ತೆಳ್ಳನೆಯ ಪ್ಲಾಸ್ಟಿಕ್ ಹಲಗೆ. ಬೆಂಕಿಯ ಹತ್ತಿರ ಬೆಣ್ಣೆ ಇಡಬೇಡಿ ಎಂದು ಹಿರಿಯರು ಹೇಳಿದ್ದರು. ಟೀವಿಯ ವಿಷಯ ಅವರಿಗೆ ಹೊಳೆಯಲಿಲ್ಲ.

ಕಂಪನಿಯವರಿಗೆ ಹೊಳೆದಿದೆ. ಅವರ ಹತ್ತಿರ ಇದಕ್ಕೊಂದು ಕಿಟ್ ಇದೆ. ಅಗ್ಗಿಷ್ಟಿಕೆಯಿಂದ ಏಳುವ ಬಿಸಿಯನ್ನು ಗೋಡೆಯೊಳಗಿನ ಕೊಳವೆಯಲ್ಲಿ ಹಿಡಿದು, ಫ್ಯಾನಿನಿಂದ ಎಳೆದು, ಮನೆಯಿಂದ ಆಚೆ ಬಿಡುವ ಕಿಟ್. ಬೆಲೆ ಪ್ರತ್ಯೇಕ. ಮತ್ತೊಮ್ಮೆ ಹೇಳುತ್ತೇನೆ, ಅವಸರದಲ್ಲಿ ಓದಿದವರಿಗೆ ಹಾರಿಹೋಗಬಾರದು: ಮನೆ ಬೆಚ್ಚಗಿಡಲು ಹುಟ್ಟಿದ ವಸ್ತುವನ್ನು ಕೊಂಡು, ಅದು ಕೊಡುವ ಬಿಸಿಯನ್ನು ಊರಿಗೆ ದಾನ ಮಾಡಲು ಇನ್ನೊಂದು ವಸ್ತುವನ್ನು ಕೊಳ್ಳಬೇಕು. ಭಾವ ಎರಡನ್ನೂ ಬರೆಸಿದರು. ಒಳಗೆ ಚಳಿಯಾದರೆ ಫರ್ನೇಸ್ ಇದ್ದೇ ಇದೆ.

ಬೆಂಜಮಿನ್ ಫ್ರಾಂಕ್ಲಿನ್ ಇದನ್ನು ನೋಡಿದ್ದರೆ ಏನೆನ್ನುತ್ತಿದ್ದನೋ. 1740ರ ದಶಕದಲ್ಲಿ ಫಿಲಡೆಲ್ಫಿಯಾದಲ್ಲಿ ಕೂತು, ಚಿಮಣಿಯಲ್ಲಿ ಪೋಲಾಗುವ ಬಿಸಿಯನ್ನು ಹೇಗಾದರೂ ಮನೆಯೊಳಗೆ ಉಳಿಸಬೇಕೆಂದು ಕಬ್ಬಿಣದ ಒಲೆ ಮಾಡಿದವನು ಅವನು. ಸೌದೆ ದುಬಾರಿಯಾಗುತ್ತಿದೆ, ಜನರಿಗೆ ಉಪಯೋಗವಾಗಲಿ ಎಂದು ಪೇಟೆಂಟನ್ನೂ ಬೇಡವೆಂದ. ಆ ಶತಮಾನದ ಕೊನೆಯಲ್ಲಿ ಕೌಂಟ್ ರಮ್‌ಫರ್ಡ್ ಎಂಬ ಇನ್ನೊಬ್ಬ ಚಿಮಣಿಯ ಕತ್ತು ಕಿರಿದು ಮಾಡಿ, ಒಲೆಯ ಗೋಡೆಗಳನ್ನು ಓರೆಯಾಗಿಸಿ ಬಿಸಿಯನ್ನು ಕೋಣೆಯೊಳಗೆ ತಿರುಗಿಸಿದ. ಲಂಡನ್ನಿನಲ್ಲಿ 1952ರ ಡಿಸೆಂಬರಿನ ಹೊಗೆಮಂಜಿಗೆ ಸಾವಿರಾರು ಮಂದಿ ಸತ್ತ ಮೇಲೆ, 1956ರಲ್ಲಿ ಶುದ್ಧ ಗಾಳಿಯ ಕಾಯ್ದೆ ಬಂದು ಮನೆಮನೆಯ ಕಲ್ಲಿದ್ದಲ ಬೆಂಕಿ ಆರತೊಡಗಿತು. ಬಿಸಿ ಉಳಿಸಬೇಕು, ಹೊಗೆ ಕಳೆಯಬೇಕು ಎಂದು ಇನ್ನೂರು ವರ್ಷ ಒದ್ದಾಡಿದ್ದರ ಫಲವಾಗಿ, ಬಿಸಿಯನ್ನೇ ಕಳೆದು ಮಸಿಯ ಬಣ್ಣ ಉಳಿಸಿಕೊಂಡ ಯಂತ್ರ ಭಾವನ ಗೋಡೆಗೆ ಬರಲಿದೆ.

ಬೆಂಕಿಯ ಚಿತ್ರವೇ ಸಾಕಾದರೆ ಇಷ್ಟು ಖರ್ಚೂ ಬೇಕಿರಲಿಲ್ಲ. ನ್ಯೂಯಾರ್ಕಿನ ಡಬ್ಲ್ಯುಪಿಐಎಕ್ಸ್ ಟೀವಿ ಚಾನೆಲ್ಲಿನವರು 1966ರಲ್ಲೇ ಅದನ್ನು ಕಂಡುಕೊಂಡಿದ್ದರು. ಅಗ್ಗಿಷ್ಟಿಕೆ ಇಲ್ಲದ ಫ್ಲಾಟುಗಳ ಜನರಿಗೆಂದು, ಕ್ರಿಸ್‌ಮಸ್ ಮುನ್ನಾದಿನ ಉರಿಯುವ ಕೊರಡಿನ ಫಿಲ್ಮನ್ನು ಜಾಹೀರಾತಿಲ್ಲದೆ ಮೂರು ಗಂಟೆ ಹಾಕಿದರು, ಜತೆಗೆ ಹಾಡು. ಫಿಲ್ಮಿನ ಉದ್ದ 17 ಸೆಕೆಂಡು. ಅದನ್ನೇ ತಿರುತಿರುಗಿ ತೋರಿಸಿದ್ದು. ಚಿತ್ರೀಕರಣ ನಡೆದದ್ದು ನಗರದ ಮೇಯರ್ ವಾಸದ ಗ್ರೇಸಿ ಮ್ಯಾನ್ಶನ್ನಿನಲ್ಲಿ. ಬೆಂಕಿ ಚೆನ್ನಾಗಿ ಕಾಣಲಿ ಎಂದು ಮುಂದಿನ ತಡೆಯನ್ನು ತೆಗೆದಿದ್ದರು. ಕಿಡಿಯೊಂದು ಹಾರಿ 4,000 ಡಾಲರಿನ ಹಳೆಯ ಜಮಖಾನೆ ಸುಟ್ಟಿತು. ಫಿಲ್ಮು ಸವೆದ ಮೇಲೆ ಮತ್ತೆ ತೆಗೆಯಲು ಕೇಳಿದರೆ ಅಲ್ಲಿ ಒಪ್ಪಲಿಲ್ಲ. ಕೊನೆಗೆ 1970ರಲ್ಲಿ ಹೊಸ ಕೊರಡನ್ನು ಉರಿಸಿದ್ದು ಎಲ್ಲಿ ಗೊತ್ತೇ? ಭಾವನ ಮನೆಯಿಂದ ಕೊಲ್ಲಿಯ ಸೇತುವೆ ದಾಟಿದರೆ ಸಿಗುವ ಪಾಲೊ ಆಲ್ಟೊದ ಒಂದು ಮನೆಯಲ್ಲಿ. ಆಗಸ್ಟ್ ತಿಂಗಳ ಬಿಸಿಲಿನಲ್ಲಿ. ಚಳಿಯಿಲ್ಲದ ಕಡೆ ಬೆಂಕಿ ಹಚ್ಚಿಕೊಂಡು ಚೆಂದ ನೋಡುವ ಪದ್ಧತಿಗೆ ಆ ಸೀಮೆಯಲ್ಲಿ ಅಷ್ಟು ಹಿಂದಿನ ಪರಂಪರೆಯಿದೆ. ಈಗ ಆ ಬಗೆಯ ವಿಡಿಯೊ ಯೂಟ್ಯೂಬಿನಲ್ಲಿ ಹತ್ತು ಗಂಟೆ ಉದ್ದದ್ದೂ ಪುಕ್ಕಟೆ ಸಿಗುತ್ತದೆ. ನೆಂಟರು ಬಂದಾಗ ಅಕ್ಕ ಅದನ್ನೇ ಟೀವಿಯಲ್ಲಿ ಹಾಕುತ್ತಾಳೆ. ಮುಂದೆ ಮೇಲೊಂದು ಬೆಂಕಿ, ಕೆಳಗೊಂದು ಬೆಂಕಿ ಇರುತ್ತದೆ. ಎರಡರಿಂದಲೂ ಬಿಸಿ ಬರುವುದಿಲ್ಲ.

ಎಲ್ಲರೂ ಹೀಗೇ ಎಂದು ಬರೆದರೆ ಅನ್ಯಾಯವಾದೀತು. ಕೆನಡಾದ ವಿನಿಪೆಗ್‌ನಲ್ಲಿ ನನ್ನ ಗೆಳೆಯನೊಬ್ಬನಿದ್ದಾನೆ. ಜನವರಿಯಲ್ಲಿ ಅಲ್ಲಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ ಹೋಗುವುದುಂಟು. ಅವನು ಅಂಗಡಿಗೆ ಹೋಗಿ ಕೇಳಿದ್ದು, ಕರೆಂಟು ಹೋದಾಗ ಇದು ಹತ್ತುತ್ತದೆಯೇ ಎಂದು ಮಾತ್ರ. ಸದಾ ಉರಿಯುವ ಪುಟ್ಟ ಪೈಲಟ್ ದೀಪವಿದ್ದರೆ, ಆ ದೀಪದ ಬಿಸಿಯಿಂದಲೇ ವಾಲ್ವ್ ತೆರೆಯುವಷ್ಟು ವಿದ್ಯುತ್ತು ಹುಟ್ಟುತ್ತದೆ, ಕರೆಂಟು ಬೇಕಿಲ್ಲ. ಕಿಡಿಯಿಂದ ಹತ್ತುವ ಹೊಸ ಬಗೆಯಾದರೆ ಬ್ಯಾಟರಿ ಇಡುವ ಡಬ್ಬಿ ಇದೆಯೇ ನೋಡಬೇಕು. ಅವನು ನೋಡಿದ, ಕೊಂಡ, ಮನೆಗೆ ಹೋದ. ದಿಮ್ಮಿಯ ಬಣ್ಣ ಯಾವುದೆಂದು ಕೇಳಿದರೆ ‘ಬೂದು ಇರಬೇಕು, ನೋಡಿಲ್ಲ ಮಾರಾಯ’ ಎಂದ. ಚಳಿ ಇದ್ದವನಿಗೆ ಆಯ್ಕೆಯ ಕಷ್ಟವಿಲ್ಲ.

ಅಂದಮೇಲೆ ಆಯ್ಕೆಯ ಕಷ್ಟ ಎಲ್ಲಿ ಹೆಚ್ಚಬೇಕು? ಬೆಂಗಳೂರಿನಲ್ಲಿ. ವಿಮಾನ ನಿಲ್ದಾಣದ ಕಡೆಯ ವಿಲ್ಲಾಗಳಲ್ಲಿ ಈಗ ಅಗ್ಗಿಷ್ಟಿಕೆಗೂ ಗೋಡೆ ಬಿಡುತ್ತಿದ್ದಾರೆ. ದಂಡು ಪ್ರದೇಶದ ಹಳೆಯ ಬಂಗಲೆಗಳಲ್ಲಿ ಇರಲಿಲ್ಲವೇ ಎಂದು ವಾದಿಸುವವರಿದ್ದಾರೆ. ಇತ್ತು, ಅವನ್ನು ಕಟ್ಟಿಸಿದವರಿಗೆ ಊರಿನ ನೆನಪು ಕಾಡುತ್ತಿತ್ತು. ಬೆಂಗಳೂರಿನ ದಾಖಲೆಯ ಚಳಿ 7.8 ಡಿಗ್ರಿ, ಅದು ಬಿದ್ದದ್ದು 1884ರ ಜನವರಿ 13ರಂದು. ಆ ದಾಖಲೆ ಮುರಿಯುವ ದಿನಕ್ಕಾಗಿ ಒಲೆ ಸಿದ್ಧವಾಗಿರಲಿ ಎಂಬ ದೂರದೃಷ್ಟಿ ಇದ್ದರೂ ಇರಬಹುದು. ಗ್ಯಾಸಿನ ಲೆಕ್ಕ ಮಾತ್ರ ನೋಡಿ. ಗಂಟೆಗೆ 30,000 ಬಿಟಿಯು ಉರಿಸುವ ಸಾಧಾರಣ ಅಗ್ಗಿಷ್ಟಿಕೆ ಗಂಟೆಗೆ ಮುಕ್ಕಾಲು ಕೆಜಿಗೆ ಹತ್ತಿರ ಎಲ್‌ಪಿಜಿ ನುಂಗುತ್ತದೆ. 14.2 ಕೆಜಿಯ ಮನೆಬಳಕೆಯ ಸಿಲಿಂಡರು ಸುಮಾರು ಇಪ್ಪತ್ತು ಗಂಟೆಗೆ ಖಾಲಿ. ಸಂಜೆ ಮೂರು ಗಂಟೆ ಆಂಬಿಯನ್ಸ್ ಅನುಭವಿಸಿದರೆ ವಾರಕ್ಕೊಂದು ಸಿಲಿಂಡರು. ಒಲೆಯ ಹೊಗೆ ಕುಡಿಯುವ ಹೆಂಗಸರಿಗೆ ಗ್ಯಾಸು ಸಿಗಲೆಂದು 2016ರ ಮೇ 1ರಂದು ಉಜ್ವಲ ಯೋಜನೆ ಶುರುವಾದ ದೇಶ ಇದು. ಅದರಲ್ಲಿ ಸಂಪರ್ಕ ಪಡೆದು, ಎರಡನೇ ಸಿಲಿಂಡರಿಗೆ ದುಡ್ಡು ಹೊಂದಿಸಲಾಗದೆ ಮತ್ತೆ ಸೌದೆಗೆ ಹೋದವರು ಒಂದು ಕಡೆ. ಸೌದೆ ಉರಿದ ಹಾಗೆ ಕಾಣಲೆಂದು ವಾರಕ್ಕೊಂದು ಸಿಲಿಂಡರು ಸುಡುವವರು ಇನ್ನೊಂದು ಕಡೆ. ಸೌದೆ ನೋಡಬೇಕಾದರೆ ಇವರು ಅವರ ಮನೆಗೆ ಹೋಗಬಹುದಿತ್ತು.

ಇತ್ತ ಭಾವನ ಪಟ್ಟಿಯಲ್ಲಿ ಉಳಿದದ್ದು ಸದ್ದು. ಸೌದೆಯೊಳಗಿನ ತೇವವೂ ಅಂಟೂ ಕಾದು ಸಿಡಿದಾಗ ಚಟಪಟ ಎನ್ನುತ್ತದೆ. ಗ್ಯಾಸಿನಲ್ಲಿ ಸಿಡಿಯಲು ಏನೂ ಇಲ್ಲ, ಹಿಸ್ ಎನ್ನುತ್ತದೆ ಅಷ್ಟೇ. ಅದಕ್ಕೂ ಸ್ಪೀಕರ್ ಸಿಗುತ್ತದೆ, ಧ್ವನಿಮುದ್ರಿಸಿದ ಚಟಪಟ. ಭಾವ ಕೇಳಿ ನೋಡಿ, ‘ಇದು ಇಲ್ಲಿನ ಮರದ ಸದ್ದು ಕಣೋ, ನಮ್ಮದರ ಹಾಗಿಲ್ಲ’ ಎಂದು ಮುಖ ಗಂಟಿಕ್ಕಿದರು. ಮೊನ್ನೆ ರಾತ್ರಿ ಫೋನ್ ಬಂತು. ದನಿ ಭಾರವಾಗಿತ್ತು. ‘ಒಂದು ಉಪಕಾರ ಮಾಡು. ನಿಮ್ಮನೆ ಬಚ್ಚಲ ಒಲೆಗೆ ಒಳ್ಳೆ ಒಣ ಸೌದೆ ಹಾಕಿ, ಫೋನು ಹತ್ತಿರ ಇಟ್ಟು ಅರ್ಧ ಗಂಟೆ ರೆಕಾರ್ಡ್ ಮಾಡಿ ಕಳಿಸು. ಆ ಹಂಡೆ ನೀರು, ಆ ಬೆಳಗ್ಗೆ, ಆ ಹೊಗೆ ವಾಸನೆ... ಅತ್ತೆಗೆ ಹೇಳು, ಅವರಿಗೆ ಅರ್ಥ ಆಗುತ್ತೆ.’

ಅಮ್ಮ ಪಕ್ಕದಲ್ಲೇ ಕೂತು ಅಡಿಕೆ ಕತ್ತರಿಸುತ್ತಿದ್ದರು. ಫೋನಿನ ಸ್ಪೀಕರು ಹಾಕಿಯೇ ಇತ್ತು.

‘ಬಚ್ಚಲ ಒಲೆ ಒಡೆಸಿ ಎರಡು ವರ್ಷ ಆಯ್ತು ಅಂತ ಅಳಿಯಂದ್ರಿಗೆ ಹೇಳು’ ಎಂದರು ಅಮ್ಮ. ‘ಸೋಲಾರ್ ಹಾಕ್ಸಿದೀನಿ. ನಲವತ್ತು ವರ್ಷ ಊದಿ ಊದಿ ಕಣ್ಣಿಗೆ ಪೊರೆ ಬಂತು, ಆಪರೇಷನ್ನೂ ಆಯ್ತು. ಊದುಗೊಳವೆ ಅಟ್ಟದ ಮೇಲಿದೆ. ಬೇಕಾದ್ರೆ ಕೊರಿಯರ್ ಮಾಡ್ತೀನಿ ಅನ್ನು.’

ಭಾವ ಬೇಡವೆನ್ನಲಿಲ್ಲ. ಅಗ್ಗಿಷ್ಟಿಕೆಯ ಪಕ್ಕದ ಗೋಡೆಗೆ ಚೆನ್ನಾಗಿ ಒಪ್ಪುತ್ತದಂತೆ. ಉದ್ದ ಎಷ್ಟಿದೆ ಎಂದು ಕೇಳಿದ್ದಾರೆ.